ಉಸಿರು ಎಲ್ಲಿ ಕಟ್ಟಿತು?

ಮೈಸೂರಿನಲ್ಲಿ ಅನುವಾದವೇ ನನ್ನ ಜೀವನೋಪಾಯ. ಬ್ಯಾಂಕಿನ ಕರಾರು, ಔಷಧಿಯ ಡಬ್ಬಿಯೊಳಗಿನ ಚೀಟಿ, ನ್ಯಾಯಾಲಯದ ಕಾಗದಪತ್ರ, ಆರೋಗ್ಯದ ಕೈಪಿಡಿ, ಹೀಗೆ ಇಂಗ್ಲಿಷಿನಲ್ಲಿ ಬಂದದ್ದನ್ನು ಕನ್ನಡ ಮಾಡಿ ಕೊಡುತ್ತೇನೆ. ತಪ್ಪುಗಳು ಆಗುತ್ತವೆ, ತಿದ್ದುತ್ತೇವೆ. ಆದರೆ ಒಂದು ತಪ್ಪು ಎಷ್ಟೋ ರಾತ್ರಿ ನನ್ನ ನಿದ್ದೆ ಕೆಡಿಸಿತು. ಆರೋಗ್ಯದ ವಿಷಯವನ್ನು ಕನ್ನಡಕ್ಕೆ ತರುವವರಿಗೆ ಬೇಕಾಗಬಹುದೆಂದು ಅದನ್ನು ಇಲ್ಲಿ ಬರೆಯುತ್ತಿದ್ದೇನೆ.

ಕೆಲಸ ಚಿಕ್ಕದು. ಪುಟ್ಟ ಮಕ್ಕಳ ಪ್ರಥಮ ಚಿಕಿತ್ಸೆಯ ಬಗ್ಗೆ ಅಂಗನವಾಡಿಗಳಿಗೆ ನಾಲ್ಕು ಪುಟ. ಮೂಲದಲ್ಲಿ ಚೋಕ್, ಸ್ಟ್ರ್ಯಾಂಗಲ್, ಸ್ಮದರ್, ಸಫೊಕೇಟ್ ಎಂಬ ನಾಲ್ಕು ಪದಗಳು ನಾಲ್ಕು ಶೀರ್ಷಿಕೆಗಳಾಗಿದ್ದವು. ನಾಲ್ಕಕ್ಕೂ ನನ್ನ ಕೈಗೆ ಬಂದ ಕನ್ನಡ ಒಂದೇ: ಉಸಿರುಗಟ್ಟುವುದು. ವಾಕ್ಯಗಳು ಚೆನ್ನಾಗಿ ಓದಿಸಿಕೊಂಡು ಹೋಗುತ್ತಿದ್ದವು. ನನಗೆ ಸಮಾಧಾನವೂ ಆಗಿತ್ತು.

ಅಚ್ಚಿಗೆ ಹೋಗುವ ಮುನ್ನ ಕರಡನ್ನು ಮಂಡ್ಯ ತಾಲ್ಲೂಕಿನ ಒಂದು ಅಂಗನವಾಡಿಗೆ ಒಯ್ದೆ. ಕಾರ್ಯಕರ್ತೆ ಗಟ್ಟಿಯಾಗಿ ಓದಿದರು. ಓದಿ ಮುಗಿಸಿದ ಮೇಲೆ ಕೇಳಿದೆ: “ಅಕ್ಕಾ, ಮಗುವಿಗೆ ಉಸಿರುಗಟ್ಟಿತು ಎಂದುಕೊಳ್ಳಿ. ಮೊದಲು ಏನು ಮಾಡುತ್ತೀರಿ?”

“ಕಿಟಕಿ ತೆಗೆಯುತ್ತೇನೆ ಮೇಡಂ. ಹೊರಗೆ ಗಾಳಿಗೆ ಎತ್ತಿಕೊಂಡು ಹೋಗಿ ಬೀಸಣಿಗೆ ಬೀಸುತ್ತೇನೆ.”

ಆ ಪುಟ ಇದ್ದದ್ದು ಗಂಟಲಲ್ಲಿ ಕಡಲೆಬೀಜ ಸಿಕ್ಕಿಕೊಂಡ ಮಗುವಿನ ಬಗ್ಗೆ. ಅಂಥ ಮಗುವಿಗೆ ಬೀಸಣಿಗೆಯಿಂದ ಏನೂ ಆಗದು. ಆ ಹೊತ್ತಿನಲ್ಲಿ ಕಳೆಯುವ ಒಂದೊಂದು ನಿಮಿಷವೂ ಪ್ರಾಣದ್ದು. ಆ ಅಕ್ಕ ತಪ್ಪು ಹೇಳಲಿಲ್ಲ. ನಾನು ಬರೆದ ಪದಕ್ಕೆ ಅವರು ಕೊಟ್ಟದ್ದು ಸರಿಯಾದ ಉತ್ತರವೇ. ಕನ್ನಡದ ಕಿವಿಗೆ ಉಸಿರುಗಟ್ಟುವುದೆಂದರೆ ಮೊದಲು ನೆನಪಾಗುವುದು ಗಾಳಿಯಿಲ್ಲದ ಕೋಣೆ, ತುಂಬಿದ ಬಸ್, ಹೊಗೆ.

“ಗಂಟಲಿಗೆ ಸಿಕ್ಕಿಕೊಂಡರೆ ಎಂದು ಬರೆದಿದ್ದರೆ ಗೊತ್ತಾಗುತ್ತಿತ್ತು ಮೇಡಂ” ಎಂದರು. ಪಕ್ಕದಲ್ಲಿದ್ದ ಸಹಾಯಕಿ, “ನೆತ್ತಿಗೆ ಹತ್ತಿದರೆ ತಲೆ ತಟ್ಟುತ್ತೇವಲ್ಲ, ಅದೇ ತಾನೇ?” ಎಂದು ಕೇಳಿದರು.

ಅದೇ ಅಲ್ಲ, ಇದನ್ನು ಬಿಡಿಸಿ ಹೇಳಲೇಬೇಕು. ನೆತ್ತಿಗೆ ಹತ್ತಿದಾಗ ಕೆಮ್ಮು ಬರುತ್ತದೆ, ಕಣ್ಣಲ್ಲಿ ನೀರು ಬರುತ್ತದೆ, ಯಾರೋ ನೆನೆಸಿಕೊಂಡರು ಎನ್ನುತ್ತೇವೆ. ಜೋರಾಗಿ ಕೆಮ್ಮುವ ಮಗುವನ್ನು ಕೆಮ್ಮಲು ಬಿಡುವುದೇ ಸರಿ. ಅಪಾಯವಿರುವುದು ಸದ್ದು ನಿಂತಾಗ: ಕೆಮ್ಮಲಾಗದು, ಅಳಲಾಗದು, ಬಾಯಿ ತೆರೆದಿದ್ದರೂ ದನಿ ಇರದು. ಆಗ 108ಕ್ಕೆ ಕರೆ ಮಾಡಲು ಇನ್ನೊಬ್ಬರಿಗೆ ಹೇಳಿ ನಾವು ಚಿಕಿತ್ಸೆಗೆ ತೊಡಗಬೇಕು. ವರ್ಷದೊಳಗಿನ ಮಗುವಾದರೆ ಮುಂಗೈ ಮೇಲೆ ಬೋರಲಾಗಿ ಮಲಗಿಸಿ, ತಲೆ ಎದೆಗಿಂತ ತಗ್ಗಿರುವಂತೆ ಹಿಡಿದು, ಬೆನ್ನಿನ ಮೇಲೆ ಎರಡು ಹೆಗಲಮೂಳೆಗಳ ನಡುವೆ ಅಂಗೈಯ ಬುಡದಿಂದ ಐದು ಏಟು. ವಸ್ತು ಹೊರಬರದಿದ್ದರೆ ಮಗುವನ್ನು ಮಗುಚಿ ಎದೆಯ ನಡುವೆ ಐದು ಸಲ ಒತ್ತುವುದು. ಹೀಗೆ ಒಂದಾದ ಮೇಲೊಂದು. ವರ್ಷ ದಾಟಿದ ಮಗುವಾದರೆ ಬೆನ್ನಿನ ಏಟುಗಳ ನಂತರ ಹಿಂದಿನಿಂದ ತಬ್ಬಿ, ಹೊಕ್ಕುಳಿಗಿಂತ ತುಸು ಮೇಲೆ ಹೊಟ್ಟೆಯನ್ನು ಒಳಕ್ಕೂ ಮೇಲಕ್ಕೂ ಒತ್ತುವುದು. ಹೀಗೆ ಹೊಟ್ಟೆ ಒತ್ತುವುದು ಅಮೆರಿಕದ ವೈದ್ಯ ಹೆನ್ರಿ ಹೈಮ್ಲಿಕ್ 1974ರಲ್ಲಿ ವಿವರಿಸಿದ ವಿಧಾನ. ಕಣ್ಣಿಗೆ ಕಾಣದ ವಸ್ತುವಿಗಾಗಿ ಬಾಯೊಳಗೆ ಬೆರಳಾಡಿಸಬಾರದು; ಅದು ಇನ್ನೂ ಒಳಕ್ಕೆ ಇಳಿಯಬಹುದು.

ಮೈಸೂರಿಗೆ ವಾಪಸಾಗುವ ಬಸ್ಸಿನಲ್ಲಿ ಕರಡಿನ ಹಿಂದೆಯೇ ಗೀಚುತ್ತಾ ಬಂದೆ. ಇಂಗ್ಲಿಷಿನ ಈ ಪದಗಳು ಉಸಿರು ಎಲ್ಲಿ ನಿಂತಿತು ಎಂಬುದನ್ನು ಹೊಟ್ಟೆಯೊಳಗೇ ಇಟ್ಟುಕೊಂಡಿವೆ. ಚೋಕ್ ಎಂದರೆ ಅಡ್ಡಿ ಗಂಟಲೊಳಗೆ. ಸ್ಟ್ರ್ಯಾಂಗಲ್ ಎಂದರೆ ಕುತ್ತಿಗೆಯ ಸುತ್ತ. ಅದರ ಗ್ರೀಕ್ ಬೇರು ಹಗ್ಗದ ಕುಣಿಕೆಯನ್ನು ಹೇಳುತ್ತದೆ. ಸ್ಮದರ್ ಎಂದರೆ ಮೂಗು ಬಾಯಿಗಳ ಮೇಲೆ ಏನೋ ಮುಚ್ಚಿಕೊಂಡಿದೆ, ದಿಂಬೋ ಕೌದಿಯೋ. ಹಿಂದಿನ ಕಾಲದ ಇಂಗ್ಲಿಷಿನಲ್ಲಿ ಅದೇ ಪದ ದಟ್ಟ ಹೊಗೆಗೂ ಇತ್ತು. ಆಲೆಮನೆಯ ಒಲೆಯ ಬಾಯಿಗೆ ಹಸಿ ರಚ್ಚು ತುರುಕಿದಾಗ ಏಳುವ ಹೊಗೆಯನ್ನು ಕಂಡವರಿಗೆ ಈ ನಂಟು ಬಿಡಿಸಿ ಹೇಳಬೇಕಾಗಿಲ್ಲ. ಸಫೊಕೇಟ್ ಇವೆಲ್ಲಕ್ಕಿಂತ ಅಗಲವಾದದ್ದು, ನಮ್ಮ ಉಸಿರುಗಟ್ಟುವುದಕ್ಕೆ ಹತ್ತಿರ. ಇದಕ್ಕೇ ವೈದ್ಯರು ಬಳಸುವ ಅಸ್ಫಿಕ್ಸಿಯಾ ಎಂಬ ಪದ ಮಾತ್ರ ವಿಚಿತ್ರ: ಗ್ರೀಕಿನಲ್ಲಿ ಅದರ ಅರ್ಥ ನಾಡಿ ಇಲ್ಲದಿರುವುದು, ಉಸಿರಿನ ಮಾತೇ ಅಲ್ಲಿಲ್ಲ.

ಕನ್ನಡದಲ್ಲಿ ಪದ ಕಡಿಮೆಯೇ? ಹಾಗೆಂದು ನಾನು ಒಪ್ಪುವುದಿಲ್ಲ. ನಮ್ಮಲ್ಲಿ ಕಟ್ಟು ಎಂಬ ಒಂದು ಕ್ರಿಯಾಪದ ಮೂಗಿನಿಂದ ಚರಂಡಿಯವರೆಗೆ ದುಡಿಯುತ್ತದೆ: ಮೂಗು ಕಟ್ಟಿದೆ, ಗಂಟಲು ಕಟ್ಟಿದೆ, ಮೋರಿ ಕಟ್ಟಿಕೊಂಡಿದೆ. ಜಾಗ ಯಾವುದು, ಕಾರಣ ಯಾವುದು ಎಂಬುದನ್ನು ಪಕ್ಕದ ಮಾತು ಹೇಳುತ್ತದೆ. ಉಸಿರು ಎಂಬುದನ್ನು ಮಾತ್ರ ಹೇಳಿ ಉಳಿದದ್ದನ್ನು ಬಿಟ್ಟದ್ದು ನನ್ನ ತಪ್ಪು. ತಿದ್ದಿದ ಶೀರ್ಷಿಕೆಗಳು ಹೀಗಾದವು: ಗಂಟಲಿಗೆ ಏನಾದರೂ ಸಿಕ್ಕಿಕೊಂಡರೆ, ಕುತ್ತಿಗೆಗೆ ಜೋಲಿಯ ಸೀರೆ ಅಥವಾ ದಾರ ಬಿಗಿದರೆ, ಮೂಗು ಬಾಯಿ ಮುಚ್ಚಿಹೋದರೆ, ಕೋಣೆಯಲ್ಲಿ ಹೊಗೆ ತುಂಬಿದರೆ. ಓದಿದ ತಕ್ಷಣ ಕೈ ಎಲ್ಲಿಗೆ ಹೋಗಬೇಕೆಂದು ತಿಳಿಯುತ್ತದೆ.

ಇದಾದ ಮೇಲೆ ನ್ಯಾಯಾಲಯದ ಕಾಗದಗಳನ್ನು ನೋಡುವ ನನ್ನ ಕಣ್ಣೂ ಬದಲಾಯಿತು. ಮರಣೋತ್ತರ ಪರೀಕ್ಷೆಯ ವರದಿಗಳಲ್ಲಿ ಹ್ಯಾಂಗಿಂಗ್, ಸ್ಟ್ರ್ಯಾಂಗ್ಯುಲೇಷನ್, ಥ್ರಾಟ್ಲಿಂಗ್ ಬೇರೆ ಬೇರೆ. ಮೊದಲನೆಯದರಲ್ಲಿ ದೇಹದ ಭಾರವೇ ಕುಣಿಕೆಯನ್ನು ಎಳೆದಿದೆ, ಎರಡನೆಯದರಲ್ಲಿ ಬೇರೊಂದು ಬಲ, ಮೂರನೆಯದರಲ್ಲಿ ಕೈಗಳು. ಕನ್ನಡದಲ್ಲಿ ನನ್ನನ್ನು ಹೆದರಿಸುವುದು ಕೊಳ್ಳು ಎಂಬ ಪುಟ್ಟ ಪದ. ಬಿಗಿದು ಎಂದರೆ ಯಾರೋ ಮಾಡಿದ್ದು. ಬಿಗಿದುಕೊಂಡು ಎಂದರೆ ತಾನೇ ಮಾಡಿಕೊಂಡದ್ದು. ವೈದ್ಯರು ಸಾವಿನ ಕಾರಣವನ್ನಷ್ಟೇ ಬರೆದಿರುತ್ತಾರೆ. ಅನುವಾದಕಿಯಾದ ನಾನು ಅಭ್ಯಾಸಬಲದಿಂದ ‘ಕೊಂಡು’ ಸೇರಿಸಿದರೆ ನ್ಯಾಯಾಧೀಶರಿಗಿಂತ ಮೊದಲೇ ತೀರ್ಪು ಕೊಟ್ಟಂತೆ. ಈಗ ‘ನೇಣಿನಿಂದ ಆದ ಸಾವು’ ಎಂದು ಬರೆದು ನಿಲ್ಲಿಸುತ್ತೇನೆ.

ಮೈಗೆ ಸಂಬಂಧವಿಲ್ಲದೆ ಇದೇ ಪದಗಳು ಬಂದಾಗ ಎಚ್ಚರ ತಿರುಗುಮುರುಗು. ಅಲ್ಲಿ ಉಸಿರನ್ನು ಎಳೆದು ತರಲೇಬಾರದು. ನಮ್ಮ ಜೊತೆ ಹೊಸದಾಗಿ ಸೇರಿದ ಹುಡುಗ, ಮಂಡ್ಯದ ಕಡೆಯ ವಿಶ್ವೇಶ್ವರಯ್ಯ ನಾಲೆಯ ಬಗೆಗಿನ ಲೇಖನವೊಂದರಲ್ಲಿ ‘ಹೂಳಿನಿಂದ ಉಸಿರುಗಟ್ಟಿದ ನಾಲೆ’ ಎಂದು ಬರೆದಿದ್ದ. ಮಂಡ್ಯದ ಯಾವ ರೈತರೂ ಹಾಗೆ ಹೇಳರು. ಹೂಳು ತುಂಬಿ ನಾಲೆ ಕಟ್ಟಿಕೊಂಡಿದೆ ಎನ್ನುತ್ತಾರೆ. ನಗುವನ್ನು ಸ್ಟೈಫಲ್ ಮಾಡಿದಳು ಎಂದಿದ್ದರೆ ನಮ್ಮಲ್ಲಿ ಅದುಮಿಕೊಂಡಳು, ಆಕಳಿಕೆಯಾದರೆ ತಡೆದುಕೊಂಡಳು, ಅಳುವಾದರೆ ನುಂಗಿಕೊಂಡಳು. ಜನರ ದನಿಯನ್ನು ಮಾತ್ರ ಅಡಗಿಸುತ್ತಾರೆ. ಪ್ರೀತಿಯಿಂದ ಸ್ಮದರ್ ಮಾಡುವ ತಾಯಿಯನ್ನು ‘ಉಸಿರುಗಟ್ಟಿಸುವ ಪ್ರೀತಿ’ ಎಂದು ಬರೆಯುವುದು ಈಗ ರೂಢಿಯಾಗುತ್ತಿದೆ, ಆದರೆ ಅತಿಮುದ್ದು ಎಂಬ ಮಾತಿಗಿರುವ ಬಿಸಿ ಅದಕ್ಕಿಲ್ಲ.

ಒಂದು ಕಡೆ ಮಾತ್ರ ಮೈಯೂ ಉಪಮೆಯೂ ಒಂದೇ ಆಗಿ ಕೂಡುತ್ತವೆ. ಇಂಗ್ಲೆಂಡಿನ ವೈದ್ಯ ವಿಲಿಯಂ ಹೆಬರ್ಡೆನ್ 1768ರಲ್ಲಿ ಹೃದಯದ ನೋವೊಂದಕ್ಕೆ ಅಂಜೈನಾ ಎಂಬ ಹೆಸರು ಕೊಟ್ಟ; ಅದರ ಬೇರಿನಲ್ಲೂ ಕತ್ತು ಹಿಸುಕುವ ಅರ್ಥವಿದೆ. ನಾನು ಮೊದಲು ಅದಕ್ಕೆ ಎದೆನೋವು ಎಂದಷ್ಟೇ ಬರೆಯುತ್ತಿದ್ದೆ. ನಮ್ಮ ಹಿರಿಯರು ವೈದ್ಯರ ಮುಂದೆ ಕುಳಿತು “ಎದೆ ಹಿಂಡಿದ ಹಾಗಾಗುತ್ತದೆ” ಎನ್ನುತ್ತಾರೆ. ಹೆಬರ್ಡೆನ್ ಹುಡುಕಿದ್ದು ಇದೇ ಮಾತನ್ನು.

ಈಗ ಮೇಜಿನ ಮೇಲೆ ಗ್ಯಾಸ್ ಗೀಸರಿನ ಬಗ್ಗೆ ಒಂದು ಪುಟವಿದೆ. ಕಿಟಕಿ ಮುಚ್ಚಿದ ಬಚ್ಚಲುಮನೆಯಲ್ಲಿ ಅನಿಲ ಸರಿಯಾಗಿ ಉರಿಯದಿದ್ದರೆ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ರಕ್ತದಲ್ಲಿ ಆಮ್ಲಜನಕದ ಜಾಗವನ್ನು ಅದು ಹಿಡಿದುಬಿಡುತ್ತದೆ. ಪತ್ರಿಕೆಗಳು ‘ಉಸಿರುಗಟ್ಟಿ ಸಾವು’ ಎಂದು ಬರೆಯುತ್ತವೆ. ಅದನ್ನು ಓದಿದವರು ಉಸಿರು ಕಟ್ಟಲಿ ಎಂದು ಕಾದರೆ ಆ ಅನುಭವ ಬಾರದೆಯೇ ಪ್ರಜ್ಞೆ ತಪ್ಪಬಹುದು. ಹಾಗಾಗಿ ಉಸಿರಿನ ಮಾತನ್ನೇ ಬಿಟ್ಟು ಬರೆದಿದ್ದೇನೆ: ಸ್ನಾನ ಮಾಡುವಾಗ ತಲೆನೋವು, ತಲೆಸುತ್ತು, ಓಕರಿಕೆ ಬಂದರೆ ಒಡನೆ ಬಾಗಿಲು ತೆಗೆದು ಹೊರಗೆ ಬನ್ನಿ. ನಾಳೆ ಈ ಹಾಳೆಯನ್ನು ಹಿಡಿದು ಮತ್ತೆ ಮಂಡ್ಯದ ಬಸ್ ಹತ್ತಬೇಕು, ಅದೇ ಅಕ್ಕನ ಕೈಯಲ್ಲಿ ಓದಿಸಬೇಕು.