62 + 54 + 65

ನಮ್ಮ ಶಾಲೆಯ ಹೆಡ್‌ಮಾಸ್ಟರ್, ಅಂದರೆ ಹೆಚ್.ಎಂ. ಪಾಲಿಗೆ ಸ್ಮಾರ್ಟ್ ಕ್ಲಾಸ್ ಅಂದರೆ ಬೀಗ ಹಾಕಿಡುವ ಸಾಮಾನು. ಬೀಗದ ಕೈ ಅವರ ಬೀರುವಿನಲ್ಲಿ. ಯಾರಾದರೂ ವಿಸಿಟ್ ಬರುತ್ತಾರೆ ಅಂದಾಗ ಮಾತ್ರ ಹೊರಗೆ ಬರುತ್ತದೆ. ವಿಷಯ ಪರಿವೀಕ್ಷಕರು ಬರುವ ಸುದ್ದಿ ಸಿಕ್ಕಿದ್ದೇ ತಡ, ನನ್ನನ್ನು ಕರೆದರು. "ಜಿಯೋಜಿಬ್ರಾದಲ್ಲಿ ಏನಾದ್ರೂ ತೋರಿಸಿಬಿಡಿ ಮೇಷ್ಟ್ರೇ, ಗ್ರೂಪಿಗೆ ಎರಡು ಫೋಟೋ ಆಗುತ್ತೆ" ಅಂದರು. ಜಿಯೋಜಿಬ್ರಾ ಅಂದರೆ ಪರದೆಯ ಮೇಲೆ ಆಕೃತಿ ಬರೆದು, ಎಳೆದಾಡಿ, ಅಳೆದು ತೋರಿಸುವ ಗಣಿತದ ಸಾಫ್ಟ್‌ವೇರ್.

ಒಂಬತ್ತನೇ ಕ್ಲಾಸಿಗೆ ರೇಖೆಗಳು ಮತ್ತು ಕೋನಗಳು ನಡೆಯುತ್ತಿತ್ತು. ತ್ರಿಭುಜದ ಒಳಕೋನಗಳ ಮೊತ್ತ 180 ಡಿಗ್ರಿ. ಒಂದು ಶೃಂಗ ಹಿಡಿದು ಎಳೆದರೆ ಕೋನಗಳು ಬದಲಾಗುತ್ತವೆ, ಮೊತ್ತ ಕದಲುವುದಿಲ್ಲ. ಇದಕ್ಕಿಂತ ಸಲೀಸಾದ ಡೆಮೊ ಇಲ್ಲ ಅಂದುಕೊಂಡೆ.

ಸುಮ್ನೆ ಹೋಗಿ ನಿಂತವನಲ್ಲ ನಾನು. ಹಿಂದಿನ ರಾತ್ರಿ ಮನೆಯಲ್ಲಿ ತಾಲೀಮು ನಡೆಸಿದ್ದೆ. ಕೋನ ಅಳೆಯುವ ಟೂಲಿನ ಕಾಟ ನನಗೆ ಗೊತ್ತಿತ್ತು. ಅದು ಅಳೆಯುವುದು ಗಡಿಯಾರದ ಮುಳ್ಳಿಗೆ ಎದುರು ದಿಕ್ಕಿನಲ್ಲಿ. ಬಿಂದುಗಳನ್ನು ಉಲ್ಟಾ ಒತ್ತಿದರೆ 62 ಇರಬೇಕಾದ ಕಡೆ 298 ಅನ್ನುತ್ತದೆ. ಹಾಗಾಗಿ ಪ್ರಾಪರ್ಟೀಸ್‌ಗೆ ಹೋಗಿ, ಕೋನ 0ಯಿಂದ 180ರ ಒಳಗೇ ಇರಬೇಕು ಅಂತ ಮೊದಲೇ ಕಟ್ಟುಹಾಕಿದೆ. ಆಮೇಲೆ ಇನ್ನೊಂದು ಜಾಣತನ ಮಾಡಿದೆ. ಪರದೆ ತುಂಬ 61.63, 53.71 ಅಂತಿದ್ದರೆ ಮಕ್ಕಳು ಕೂಡಿಸಲು ಒದ್ದಾಡುತ್ತಾರೆ ಅಲ್ವಾ? ರೌಂಡಿಂಗನ್ನು ಸೊನ್ನೆ ದಶಮಾಂಶಕ್ಕೆ ಇಳಿಸಿದೆ. ಅಂಕಿಗಳು ಚೊಕ್ಕಟವಾಗಿ ನಿಂತವು. ಫೈಲನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ನೆಮ್ಮದಿಯಾಗಿ ಮಲಗಿದೆ.

ಮರುದಿನ ಪ್ರೊಜೆಕ್ಟರ್ ಒಂದೇ ಸಲಕ್ಕೆ ಹೊತ್ತಿಕೊಂಡಿತು. ಅದೇ ಅಪಶಕುನ. ಸಾಹೇಬರು ಹಿಂದಿನ ಬೆಂಚಿನಲ್ಲಿ, ಪಕ್ಕದಲ್ಲಿ ಫೋನ್ ಹಿಡಿದ ಹೆಚ್.ಎಂ. ತ್ರಿಭುಜ ಬಂತು. ಶೃಂಗ ಹಿಡಿದು ಎಳೆದೆ, ಬಿಟ್ಟೆ. "ಈಗ ಮೂರನ್ನೂ ಕೂಡಿಸಿ ನೋಡಿ" ಅಂದೆ.

"ನೂರ ಎಂಬತ್ತು" ಅಂತ ಕ್ಲಾಸಿಗೆ ಕ್ಲಾಸೇ ಕೂಗಿತು. ಕೂಡಿಸದೆಯೇ ಕೂಗಿದ್ದು ಅಂತ ಈಗ ಗೊತ್ತು. ಕೂಡಿಸಿದ್ದು ಮೂರನೇ ಬೆಂಚಿನ ಒಬ್ಬಳೇ. "ಸಾರ್, ನೂರ ಎಂಬತ್ತೊಂದು ಬರ್ತಿದೆ."

"ಸರಿಯಾಗಿ ಕೂಡಿಸಮ್ಮ" ಅಂದೆ, ಪರದೆ ಕಡೆ ತಿರುಗಿಯೂ ನೋಡದೆ.

"ಇಲ್ಲ ಸಾರ್. 62, 54, 65."

ಈಗ ಎಲ್ಲರೂ ಕೂಡಿಸತೊಡಗಿದರು. ನಾನೂ ಕೂಡಿಸಿದೆ. 181. ಗಾಬರಿಯಲ್ಲಿ ಶೃಂಗವನ್ನು ಚೂರು ಎಳೆದೆ, 180 ಆಯಿತು. ಉಸಿರು ಬಿಟ್ಟೆ. ಕೈ ನಡುಗಿ ಮೌಸ್ ಇನ್ನೂ ಒಂಚೂರು ಸರಿಯಿತು, 179. ಮಕ್ಕಳಿಗೆ ಅಷ್ಟೇ ಸಾಕು. ಮೌಸ್ ಅಲ್ಲಾಡಿದಾಗೆಲ್ಲ ಸಂತೆಯಲ್ಲಿ ಹರಾಜು ಕೂಗಿದ ಹಾಗೆ ಕೂಗುತ್ತಿದ್ದರು.

ಮೂರು ಕೋನಗಳನ್ನೂ ಬೇರೆ ಬೇರೆಯಾಗಿ ಹತ್ತಿರದ ಪೂರ್ಣ ಸಂಖ್ಯೆಗೆ ತಂದರೆ ಮೊತ್ತ ಒಂದು ಆಚೀಚೆ ಆಗಬಹುದು. ಇಷ್ಟು ವರ್ಷ ಗಣಿತ ಪಾಠ ಮಾಡಿದವನಿಗೆ ಇದು ಹೊಳೆಯಬೇಕಿತ್ತು. ಹೊಳೆಯಿತು ಕೂಡ, ಆದರೆ ಸರಿಪಡಿಸುವುದು ಎಲ್ಲಿ? ಮನೆಯಲ್ಲಿರುವುದು ಐದನೇ ಆವೃತ್ತಿ, ಮೇಲೆ ಆಪ್ಷನ್ಸ್ ಮೆನು, ಅದರಲ್ಲೇ ರೌಂಡಿಂಗ್. ಶಾಲೆಯ ಲ್ಯಾಪ್‌ಟಾಪಿನಲ್ಲಿ ಆರನೆಯದು. ಅದರಲ್ಲಿ ಆ ಮೆನುವೇ ಇಲ್ಲ. ಬಲಗಡೆಯ ಗೇರ್ ಗುರುತಿನೊಳಗೆ ಹುಡುಕಬೇಕು. ಎಲ್ಲರೆದುರು ಒಂದೊಂದೇ ಒತ್ತುತ್ತಾ ಹೋದೆ. ಗ್ರಿಡ್ ಬಂತು, ಅಕ್ಷಗಳು ಮಾಯವಾದವು. ದಿನಾ ಮೂರನೇ ಪೀರಿಯಡ್‌ಗೆ ಹೋಗುವ ಕರೆಂಟು ಇವತ್ತೂ ಹೋಗಲಪ್ಪಾ ಅಂತ ಬೇಡಿಕೊಂಡೆ. ಹೋಗಲಿಲ್ಲ.

ಕೊನೆಗೆ ಸಿಕ್ಕಿತು. ಎರಡು ದಶಮಾಂಶಕ್ಕೆ ಏರಿಸಿ ಇನ್ನೊಮ್ಮೆ ಎಳೆದೆ. ಅವಳೇ ಮತ್ತೆ ಎದ್ದಳು. "179.99, ಸಾರ್."

ಮೌಸ್ ಬಿಟ್ಟು ಸೀಮೆಸುಣ್ಣ ಹಿಡಿದೆ. ತುದಿಯ ಶೃಂಗದ ಮೂಲಕ ಪಾದಕ್ಕೆ ಸಮಾಂತರವಾಗಿ ಒಂದು ಗೆರೆ. ಆಚೆ ಒಂದು ಪರ್ಯಾಯ ಕೋನ, ಈಚೆ ಒಂದು, ನಡುವೆ ಮೂರನೆಯದು. ಮೂರೂ ಸೇರಿ ಒಂದೇ ಸರಳ ಕೋನ. ಪ್ರತಿ ವರ್ಷ ಬರೆಸುವ ಸಾಧನೆಯೇ, ಅಂದರೆ ಪ್ರೂಫ್. ಆದರೆ "ಅಳತೆ ಮಾಡಿದರೆ ಸಾಕಲ್ಲ, ಇದ್ಯಾಕೆ ಸಾರ್?" ಅಂತ ಯಾವಾಗಲೂ ಗೊಣಗುವವರು ಅವತ್ತು ಗೊಣಗಲಿಲ್ಲ.

ಈಗಿನ ಬ್ಯಾಚಿಗೆ ರೌಂಡಿಂಗನ್ನು ಬೇಕಂತಲೇ ಸೊನ್ನೆಯಲ್ಲಿ ಇಟ್ಟು ಶುರು ಮಾಡುತ್ತೇನೆ. ಮೊದಲು 181 ಬರಲಿ, ಜಗಳ ಆಗಲಿ, ಆಮೇಲೆ ಬೋರ್ಡು. ಬೀಗದ ಕೈ ಸಿಕ್ಕ ದಿನ ಮಾತ್ರ, ಅದು ಬೇರೆ ಕಥೆ.

ಸಾಹೇಬರು ವಿಸಿಟ್ ಪುಸ್ತಕದಲ್ಲಿ "ತಂತ್ರಜ್ಞಾನ ಬಳಕೆ ಉತ್ತಮವಾಗಿದೆ" ಅಂತ ಬರೆದು ಸಹಿ ಹಾಕಿದರು. ಹೆಚ್.ಎಂ. ಗ್ರೂಪಿಗೆ ಹಾಕಿದ ಫೋಟೋದಲ್ಲಿ 62, 54, 65 ದಪ್ಪಗೆ ಕಾಣುತ್ತಿದ್ದವು. ಸಾಲುಸಾಲು ಹೆಬ್ಬೆರಳು ಬಿದ್ದವು, ಗಣಿತದ ಮೇಷ್ಟ್ರುಗಳದ್ದೂ ಸೇರಿ. ಮುಂದಿನ ತರಬೇತಿಯಲ್ಲಿ ಈ ರೌಂಡಿಂಗ್ ವಿಷಯ ಹೇಳಿಕೊಡಿ, ಎರಡು ಆವೃತ್ತಿಗಳ ಮೆನುವನ್ನೂ ತೋರಿಸಿ ಅಂತ ಸಂಪನ್ಮೂಲ ವ್ಯಕ್ತಿಯನ್ನು ಕೇಳಿದೆ. "ಅದು ಮಾಡ್ಯೂಲ್‌ನಲ್ಲಿ ಇಲ್ಲ ಸಾರ್" ಅಂದರು.