ಸಿಪಿಎಲ್ ಡೈರಿ: 141 ಗಂಟೆ, ಲೆಕ್ಕದಲ್ಲೊಂದು ತಪ್ಪು

ಮೂರು ವಾರದಿಂದ ಮೋಡ ಕೆಳಗೇ ಕೂತಿದೆ, ಹಾರಾಟ ಇಲ್ಲ. ಸುಮ್ನೆ ಕೂರುವ ಬದಲು ಲಾಗ್‌ಬುಕ್ ತೆಗೆದು ಹಾರಿಸಿದ ಗಂಟೆಗಳನ್ನು ಕೂಡಿಸಿದೆ. ಒಟ್ಟು 141 ಗಂಟೆ. ಕಮರ್ಷಿಯಲ್ ಪೈಲಟ್ ಲೈಸನ್ಸಿಗೆ (ಸಿಪಿಎಲ್) ವಿಮಾನಯಾನ ನಿಯಂತ್ರಕ ಡಿಜಿಸಿಎ ಕೇಳುವುದು 200. ಇನ್ನು 59 ಅಷ್ಟೇ ಅಲ್ವಾ ಅಂತ ಖುಷಿಯಾಯಿತು.

ಆದರೆ ಆ 200ರ ಹೊಟ್ಟೆಯೊಳಗೆ ಬೇರೆ ಬೇರೆ ಲೆಕ್ಕಗಳಿವೆ. ಪೈಲಟ್ ಇನ್ ಕಮಾಂಡ್ ಆಗಿ, ಅಂದರೆ ವಿಮಾನದ ಪೂರ್ತಿ ಹೊಣೆ ಹೊತ್ತು, 100 ಗಂಟೆ ಬೇಕು, ನನ್ನದು 68. ಅದರಲ್ಲಿ 15 ಗಂಟೆ ಅರ್ಜಿ ಹಾಕುವ ಮುಂಚಿನ ಆರು ತಿಂಗಳೊಳಗಿನದಾಗಿರಬೇಕು. 300 ನಾಟಿಕಲ್ ಮೈಲಿಯ ಕ್ರಾಸ್ ಕಂಟ್ರಿ, ಅಂದರೆ ಊರಿಂದೂರಿಗೆ ಹೋಗುವ ದೂರದ ಹಾರಾಟ, ಹೋದ ತಿಂಗಳು ಮುಗಿಯಿತು. ಎರಡು ಬೇರೆ ಏರ್‌ಫೀಲ್ಡ್‌ಗಳಲ್ಲಿ ಇಳಿದು ಪೂರ್ತಿ ನಿಲ್ಲಬೇಕು, ಚಕ್ರ ತಾಗಿಸಿ ಮತ್ತೆ ಏರಿದರೆ ಲೆಕ್ಕಕ್ಕಿಲ್ಲ.

ನಾನು ಎಡವಿದ್ದು ಇನ್‌ಸ್ಟ್ರುಮೆಂಟ್ ಗಂಟೆಗಳಲ್ಲಿ, ಅಂದರೆ ಮೀಟರ್ ನಂಬಿ ಹಾರಿಸುವ ಗಂಟೆಗಳಲ್ಲಿ. 10 ಬೇಕು. ಸಿಮ್ಯುಲೇಟರಿನಲ್ಲಿ 7, ವಿಮಾನದಲ್ಲಿ 3, ಆಯ್ತಲ್ಲ ಅಂತ ಟಿಕ್ ಹಾಕಿಟ್ಟಿದ್ದೆ. ಸಿಮ್ಯುಲೇಟರಿನದು 5ಕ್ಕಿಂತ ಜಾಸ್ತಿ ಹಿಡಿಯುವುದಿಲ್ಲವಂತೆ! ನಿಯಮ ಮೊದಲ ದಿನದಿಂದಲೂ ಅಲ್ಲೇ ಇತ್ತು. ಓದಿದ್ದೆ ಕೂಡ. ಈಗ ಹುಡ್ ಹಾಕಿಕೊಂಡು, ಹೊರಗೆ ನೋಡದೆ ಬರೀ ಮೀಟರ್ ನೋಡುತ್ತಾ ಇನ್ನೆರಡು ಗಂಟೆ ಹಾರಿಸಬೇಕು. ವಿಮಾನದ ಗಂಟೆಗೆ ಎಷ್ಟು ದುಡ್ಡು ಅಂತ ಅಪ್ಪನಿಗೆ ಇನ್ನೂ ಹೇಳಿಲ್ಲ.

ಭಾನುವಾರ ಸೋದರಮಾವ ಬಂದಿದ್ದರು. ಅವರದು ಎರಡು ಲಾರಿ ಇವೆ. "ಬಸ್ಸಿಗೆ ಬ್ಯಾಡ್ಜ್ ಬೇಕು, ಲಾರಿಗೆ ಬೇಡ. ಹಂಗೇ ಕಾರ್ಗೋ ವಿಮಾನಕ್ಕೆ ಸಣ್ಣ ಲೈಸನ್ಸ್ ಸಾಕಾಗಲ್ವೇನೋ?" ಅಂದರು. ಇಲ್ಲ ಮಾವ, ಹಿಂದೆ ಜನ ಇದ್ದರೂ ಟೊಮೆಟೊ ಇದ್ದರೂ ಲೈಸನ್ಸ್ ಅದೇ, ಆರೋಗ್ಯ ತಪಾಸಣೆಯ ಮೆಡಿಕಲ್ಲೂ ಅದೇ ಕ್ಲಾಸ್ ಒನ್. ದೊಡ್ಡ ಜೆಟ್ಟಿನ ಒಂದೊಂದು ಮಾದರಿಗೂ ಟೈಪ್ ರೇಟಿಂಗ್, ಅಂದರೆ ಆ ಮಾದರಿ ಹಾರಿಸುವ ಅನುಮತಿ, ಬೇರೆ. ಏರ್‌ಲೈನಿನಲ್ಲಿ ಕ್ಯಾಪ್ಟನ್ ಆಗೋಕೆ ಎಟಿಪಿಎಲ್ ಅನ್ನೋ ಇನ್ನೂ ಮೇಲಿನ ಲೈಸನ್ಸ್ ಬೇಕು, ಅದಕ್ಕೆ ವಯಸ್ಸು 21, ಹಾರಾಟ 1,500 ಗಂಟೆ. ಮಾವ ಒಂದು ನಿಮಿಷ ಸುಮ್ಮನಿದ್ದು, "ಲಾರೀನೇ ವಾಸಿ ಕಣೋ" ಅಂದರು.

ಪರೀಕ್ಷೆ ಕಥೆ: ರೆಗ್ಯುಲೇಶನ್ಸ್, ಮೆಟಿಯರಾಲಜಿ ಪಾಸ್. ನ್ಯಾವಿಗೇಶನ್ 68, ಬೇಕಿದ್ದದ್ದು 70. ನಿಜವಾದ ಉತ್ತರಕ್ಕೂ ಕಾಂತದ ಉತ್ತರಕ್ಕೂ ಇರುವ ಕೋನವೇ ವೇರಿಯೇಶನ್; ಅದು ಪೂರ್ವಕ್ಕಿದ್ದರೆ, ಕಾಂತದ ಉತ್ತರದಿಂದ ಎಣಿಸುವ ದಿಕ್ಕು ಸಿಗಲು ಟ್ರೂ ಹೆಡಿಂಗಿನಿಂದ (ನಿಜವಾದ ಉತ್ತರದಿಂದ ಎಣಿಸಿದ ದಿಕ್ಕು) ಕಳೆಯಬೇಕು, ನಾನು ಕೂಡಿಸಿದ್ದೆ. ಒಟ್ಟಿನಲ್ಲಿ ಕೂಡುವುದು ಕಳೆಯುವುದೇ ನನ್ನ ಕಷ್ಟ ಅನಿಸುತ್ತದೆ.

ಮೋಡ ಬಿಟ್ಟರೆ ಗುರುವಾರ ಹುಡ್. ರಾತ್ರಿ ಹಾರಾಟದ 5 ಗಂಟೆ, 10 ಟೇಕಾಫ್, 10 ಲ್ಯಾಂಡಿಂಗ್ ಇನ್ನೂ ಮುಟ್ಟಿಯೇ ಇಲ್ಲ.