ಸೀಲಿಯಾಕ್ ಕಾಯಿಲೆ: ರಕ್ತದ ವರದಿ ಹೇಳುವುದೇನು?

ಮಂಡ್ಯದಲ್ಲಿರುವ ನನ್ನ ತಂಗಿಯ ಮಗಳಿಗೆ ಕಬ್ಬಿಣಾಂಶದ ಔಷಧ ಕೊಟ್ಟರೂ ರಕ್ತಹೀನತೆ ನೀಗದೆ, ವಯಸ್ಸಿಗೆ ತಕ್ಕ ಎತ್ತರವೂ ಬಾರದಿದ್ದಾಗ, ಮಕ್ಕಳ ವೈದ್ಯರು ಸೀಲಿಯಾಕ್ ಪರೀಕ್ಷೆ ಬರೆದುಕೊಟ್ಟರು. ಗೋಧಿಯಂಥ ಧಾನ್ಯಗಳಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನಿನಿಂದಾಗಿ ದೇಹದ ಪ್ರತಿರಕ್ಷಾ ವ್ಯವಸ್ಥೆ ಸಣ್ಣಕರುಳಿಗೆ ಹಾನಿ ಮಾಡುವ ಕಾಯಿಲೆ ಇದು. ಮುದ್ದೆ ಉಣ್ಣುವ ಊರಿಗೆ ಗೋಧಿಯ ಕಾಯಿಲೆ ಹೇಗೆ ಬಂತೆಂದು ಮನೆಯ ಹಿರಿಯರು ಕೇಳಿದರು. ಉಪ್ಪಿಟ್ಟು, ಚಪಾತಿ, ಬಿಸ್ಕತ್ತು ಇಲ್ಲದ ದಿನವೇ ಮಕ್ಕಳಿಗೆ ಇಲ್ಲದಿರುವಾಗ ಇದು ಅಚ್ಚರಿಯೇನಲ್ಲ.

ವರದಿಯಲ್ಲಿ ಟಿಟಿಜಿ-ಐಜಿಎ ಎಂಬ ಪ್ರತಿಕಾಯದ (ಟಿಟಿಜಿ ಕಿಣ್ವದ ವಿರುದ್ಧ ದೇಹ ತಯಾರಿಸುವ, ಐಜಿಎ ಬಗೆಯ ಪ್ರತಿಕಾಯ) ಮಟ್ಟ ಬಹಳ ಹೆಚ್ಚಿತ್ತು. ಕರುಳನ್ನು ಕೆಡಿಸುತ್ತಿರುವುದು ಈ ಪ್ರತಿಕಾಯವೇ ಎಂದು ಮನೆಯವರು ಭಾವಿಸಿದರು. ಆದರೆ ಹಾನಿಯ ಮುಖ್ಯ ಹೊಣೆ ಪ್ರತಿರಕ್ಷಾ ವ್ಯವಸ್ಥೆಯ ಬಿಳಿ ರಕ್ತಕಣಗಳಾದ ಟಿ ಕೋಶಗಳದ್ದು. ಗೋಧಿ, ಬಾರ್ಲಿಗಳಲ್ಲಿರುವ ಗ್ಲುಟೆನ್ ಪೂರ್ತಿ ಜೀರ್ಣವಾಗದೆ ತುಣುಕುಗಳಾಗಿ ಉಳಿಯುತ್ತದೆ. ಟಿಟಿಜಿ ಎಂಬ ನಮ್ಮದೇ ಕಿಣ್ವ ಆ ತುಣುಕುಗಳನ್ನು ಕೊಂಚ ಮಾರ್ಪಡಿಸಿದ ಮೇಲೆ, ಎಚ್‌ಎಲ್‌ಎ-ಡಿಕ್ಯೂ2 ಅಥವಾ ಡಿಕ್ಯೂ8 ಎಂಬ ಜೀನುಗಳು ಇರುವವರ ಪ್ರತಿರಕ್ಷಾ ಕೋಶಗಳು ಅವನ್ನು ಬಿಗಿಯಾಗಿ ಹಿಡಿದು ಸಿಡಿ4 ಎಂಬ ಬಗೆಯ ಟಿ ಕೋಶಗಳಿಗೆ ತೋರಿಸುತ್ತವೆ. ಈ ಜೀನುಗಳಿದ್ದವರಲ್ಲಿ ಹೆಚ್ಚಿನವರಿಗೆ ಕಾಯಿಲೆ ಬರುವುದೇ ಇಲ್ಲ. ಬಂದವರಲ್ಲಿ ಟಿ ಕೋಶಗಳು ಇಂಟರ್‌ಫೆರಾನ್-ಗಾಮಾ ಎಂಬ ಉರಿಯೂತದ ಸಂಕೇತ ಪ್ರೋಟೀನನ್ನು ಸುರಿಸುತ್ತವೆ, ಕರುಳಿನ ಒಳಪದರದಲ್ಲಿ ನೆಲೆಸಿರುವ ಲಿಂಫೋಸೈಟುಗಳೆಂಬ ಬಿಳಿ ರಕ್ತಕಣಗಳು ಇಂಟರ್‌ಲ್ಯೂಕಿನ್-15 ಎಂಬ ಇನ್ನೊಂದು ಸಂಕೇತ ಪ್ರೋಟೀನಿನ ಪ್ರಚೋದನೆಯಿಂದ ಪಕ್ಕದ ಕೋಶಗಳನ್ನೇ ಕೊಲ್ಲುತ್ತವೆ, ಆಹಾರ ಹೀರುವ ವಿಲ್ಲೈಗಳು (ಕರುಳಿನ ಒಳಗಿನ ಬೆರಳಿನಂಥ ಸಣ್ಣ ಚಾಚುಗಳು) ಚಪ್ಪಟೆಯಾಗುತ್ತವೆ. ಕಬ್ಬಿಣಾಂಶ ಹೀರಲ್ಪಡುವುದು ಸಣ್ಣಕರುಳಿನ ಮೇಲ್ಭಾಗದಲ್ಲಿಯೇ ಆದ್ದರಿಂದ ಔಷಧ ಹತ್ತಲಿಲ್ಲ.

ಹಾಗಾದರೆ ಸ್ವಂತ ಕಿಣ್ವದ ವಿರುದ್ಧ ಪ್ರತಿಕಾಯ ಏಕೆ? ಕಿಣ್ವವನ್ನೂ ಅದಕ್ಕೆ ಅಂಟಿದ ಗ್ಲುಟೆನ್ನನ್ನೂ ಪ್ರತಿಕಾಯ ತಯಾರಿಸುವ ಬಿ ಕೋಶಗಳು ಒಟ್ಟಿಗೆ ನುಂಗಿ, ಗ್ಲುಟೆನ್ ಗುರುತಿಸುವ ಟಿ ಕೋಶಗಳ ನೆರವು ಪಡೆಯುತ್ತವೆ ಎಂಬುದು ಹೆಚ್ಚು ಒಪ್ಪಿತವಾದ ವಿವರಣೆ. ಗ್ಲುಟೆನ್ ಬಿಟ್ಟ ಮೇಲೆ ಪ್ರತಿಕಾಯ ತಿಂಗಳುಗಳಲ್ಲಿ ಇಳಿಯುವುದು ಇದಕ್ಕೆ ಹೊಂದುತ್ತದೆ. ಪ್ರತಿಕಾಯವನ್ನು ನಾನು ಸಾಕ್ಷಿಯೆಂದು ಎಣಿಸುತ್ತೇನೆ, ಅದೂ ಬಹು ನಂಬಿಕಸ್ಥ ಸಾಕ್ಷಿ: 2020ರ ಯುರೋಪಿನ ಮಾರ್ಗಸೂಚಿಯಂತೆ, ಮಟ್ಟ ಸಾಮಾನ್ಯ ಮಿತಿಯ 10 ಪಟ್ಟು ಮುಟ್ಟಿ, ಎರಡನೆಯ ರಕ್ತದ ಮಾದರಿಯಲ್ಲಿ ಎಂಡೊಮೈಸಿಯಲ್ ಎಂಬ ಇನ್ನೊಂದು ಪ್ರತಿಕಾಯವೂ ಕಂಡರೆ ಮಕ್ಕಳಿಗೆ ಬಯಾಪ್ಸಿ (ಕರುಳಿನ ಚೂರು ತೆಗೆದು ಮಾಡುವ ಪರೀಕ್ಷೆ) ಇಲ್ಲದೆಯೇ ಕಾಯಿಲೆಯನ್ನು ನಿರ್ಧರಿಸಬಹುದು. ಆದರೆ ಕೆಲವು ಮಕ್ಕಳಲ್ಲಿ ಐಜಿಎಯೇ ಕಡಿಮೆಯಿರುವುದರಿಂದ ಒಟ್ಟು ಐಜಿಎಯನ್ನೂ ನೋಡಬೇಕು. ಪರೀಕ್ಷೆಗೆ ಮೊದಲೇ ಗೋಧಿ ನಿಲ್ಲಿಸಿದರೆ ವರದಿ ಹುಸಿಯಾಗಬಹುದು.

ಕಾಯಿಲೆ ಖಚಿತವಾದ ಬಳಿಕ ಅಕ್ಕಿ, ರಾಗಿ, ಜೋಳಕ್ಕೆ ಅಡ್ಡಿಯಿಲ್ಲ. ಆದರೆ ಸಾರಿಗೆ ಹಾಕುವ ಇಂಗಿನ ಪುಡಿಯಲ್ಲಿ ಗೋಧಿ ಹಿಟ್ಟು ಬೆರೆತಿರುವುದುಂಟು, ಗೋಧಿ ಬೀಸಿದ ಗಿರಣಿಯಲ್ಲೇ ರಾಗಿ ಬೀಸಿಸುವುದೂ ಉಂಟು. ಮುಂದಿನ ತಪಾಸಣೆಯಲ್ಲಿ ಪ್ರತಿಕಾಯ ಇಳಿಯದಿದ್ದರೆ ಮೊದಲು ಹುಡುಕಬೇಕಾದದ್ದು ಇವನ್ನೇ.